ಗಡಿಯಾರ ಮುಂದಿಟ್ಟುಕೊಂಡು ಬರೆದವನು

ಸಾಹಿತಿಗಳನ್ನು ಸಭೆಯಲ್ಲಿ ಕಂಡಾಗ ನಮ್ಮ ಜನ ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: “ತಾವು ಯಾವ ಹೊತ್ತಿನಲ್ಲಿ ಬರೆಯುತ್ತೀರಿ?” ಕೇಳುವವರ ಮನಸ್ಸಿನಲ್ಲಿ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಊರೆಲ್ಲ ಮಲಗಿದ ಮೇಲೆ, ನಡುರಾತ್ರಿಯಲ್ಲಿ, ಸ್ಫೂರ್ತಿ ತಾನಾಗಿ ಬಂದು ಕೈಹಿಡಿದಾಗ ಎಂದರೆ ಸಭೆಗೆ ಸಂತೋಷ. ಅದನ್ನು ಬಿಟ್ಟು, “ಬೆಳಗ್ಗೆ 5.30ಕ್ಕೆ ಕೂತು ಮೂರು ಗಂಟೆ ಬರೆಯುತ್ತೇನೆ, ಕಾಲು ಗಂಟೆಗೆ 250 ಪದದ ಲೆಕ್ಕ” ಎಂದು ಯಾರಾದರೂ ಹೇಳಿದರೆ ಸಭೆ ಪೆಚ್ಚಾಗುತ್ತದೆ. ಹಾಗೆ ಹೇಳಿ ಒಂದು ದೇಶದ ಓದುಗರನ್ನೇ ಪೆಚ್ಚು ಮಾಡಿದ ಕಾದಂಬರಿಕಾರನೊಬ್ಬನಿದ್ದ.

ಆತ ಆಂಥೊನಿ ಟ್ರಾಲಪ್. 1815ರಲ್ಲಿ ಲಂಡನ್ನಿನಲ್ಲಿ ಹುಟ್ಟಿ 1882ರಲ್ಲಿ ತೀರಿಕೊಂಡವನು. ಡಿಕನ್ಸ್, ಥ್ಯಾಕರೆಯರ ಸಮಕಾಲೀನ. ಬರೆದ ಕಾದಂಬರಿಗಳು 47. ಪ್ರವಾಸಕಥನ, ಸಣ್ಣಕಥೆಗಳು ಬೇರೆ. ಇಷ್ಟು ಸಾಲದೆಂಬಂತೆ 33 ವರ್ಷಕಾಲ ಅಂಚೆ ಇಲಾಖೆಯಲ್ಲಿ ನೌಕರಿ ಮಾಡಿದ. 1875–76ರಲ್ಲಿ ತನ್ನ ಆತ್ಮಕಥೆಯನ್ನು ಬರೆದು, ತಾನು ಸತ್ತ ಮೇಲೆ ಅಚ್ಚು ಹಾಕಿಸಬೇಕೆಂದು ಮಗನ ವಶಕ್ಕೆ ಬಿಟ್ಟ. ಅದು ಬೆಳಕು ಕಂಡದ್ದು 1883ರಲ್ಲಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಅದರ ಪ್ರತಿಯೊಂದು ನನಗೆ ಸಿಕ್ಕಿ ಬಹಳ ವರ್ಷಗಳಾದುವು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಇಂಗ್ಲೆಂಡಿನ ಅಂಚೆಯವನ ಗೊಡವೆ ಏಕೆ ಎಂದು ಯಾರಾದರೂ ಕೇಳಿಯಾರು. ಆ ಮಾತಿಗೇ ಬರುತ್ತೇನೆ. ಮೊದಲು ಅವನ ದಿನಚರಿ ತಿಳಿಯಲಿ.

ಲಂಡನ್ನಿನ ಹೊರವಲಯದ ವಾಲ್ಥಮ್ ಕ್ರಾಸ್ ಎಂಬಲ್ಲಿ ಟ್ರಾಲಪ್ 1859ರಲ್ಲಿ ಮನೆ ಹಿಡಿದ. ಅಲ್ಲಿ ಅವನ ಕುದುರೆಗಳನ್ನು ನೋಡಿಕೊಳ್ಳುವ ಮುದಿ ಆಳೊಬ್ಬನಿದ್ದ. ಬೆಳಗ್ಗೆ ಯಜಮಾನನನ್ನು ಎಬ್ಬಿಸಿ ಕಾಫಿ ಕೊಡುವುದಕ್ಕಾಗಿ ಆ ಆಳಿಗೆ ವರ್ಷಕ್ಕೆ 5 ಪೌಂಡು ಹೆಚ್ಚಿನ ಸಂಬಳ. 5.30ಕ್ಕೆ ಮೇಜಿನ ಮುಂದೆ ಕೂರಬೇಕು. ಆ ವಿಷಯದಲ್ಲಿ ತನಗೆ ತಾನೇ ದಯೆ ತೋರಿಸಕೂಡದೆಂಬುದು ಟ್ರಾಲಪನ ವ್ರತ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದುದನ್ನು ಓದುತ್ತಿದ್ದ, ಅದೂ ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ. ಮಾತಿನ ನಾದ ಸರಿಯಾಗಿದೆಯೇ ಎಂದು ತೂಗಿ ನೋಡಲು. ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಬರೆವಣಿಗೆ. ಕಾಲು ಗಂಟೆಗೊಮ್ಮೆ 250 ಪದ ಬಂದೇ ಬರುತ್ತಿದ್ದುವೆಂದು ಆತ ಹೇಳಿಕೊಂಡಿದ್ದಾನೆ. ಬೆಳಗಿನ ತಿಂಡಿಗೆ ಉಡುಪು ತೊಡುವ ವೇಳೆಗೆ ಆ ದಿನದ ಸಾಹಿತ್ಯ ಮುಗಿದಿರುತ್ತಿತ್ತು. ಮಿಕ್ಕ ಹೊತ್ತು ಅಂಚೆ ಕಚೇರಿಗೆ, ಕುದುರೆ ಸವಾರಿಯ ಬೇಟೆಗೆ, ಸಂಜೆ ಕ್ಲಬ್ಬಿನ ಇಸ್ಪೀಟಿಗೆ.

ಇದಕ್ಕೆಲ್ಲ ದಫ್ತರವೂ ಉಂಟು. ಹೊಸ ಕಾದಂಬರಿ ಆರಂಭಿಸುವಾಗಲೇ ವಾರವಾರಕ್ಕೆ ಕೋಷ್ಟಕ ಹಾಕಿಕೊಂಡು, ದಿನವೂ ಬರೆದ ಪುಟಗಳ ಸಂಖ್ಯೆಯನ್ನು ತುಂಬುತ್ತಿದ್ದ. ಪುಟಕ್ಕೆ 250 ಪದ. ಅದನ್ನೂ ಎಣಿಸಿಯೇ ಹಾಕುತ್ತಿದ್ದ. ವಾರಕ್ಕೆ ಸರಾಸರಿ 40 ಪುಟ; ಕಡಿಮೆಯೆಂದರೆ 20, ಹೆಚ್ಚೆಂದರೆ 112. ಸೋಮಾರಿತನದಲ್ಲಿ ಒಂದು ವಾರ ಕಳೆದರೆ ಆ ಖಾಲಿ ಮನೆಗಳು ಕಣ್ಣನ್ನು ಚುಚ್ಚುತ್ತಿದ್ದುವಂತೆ. ಆ ಲೆಕ್ಕದ ಹಾಳೆಗಳು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಉಳಿದುಕೊಂಡಿವೆ. ಆತ್ಮಕಥೆಯ ಕೊನೆಯಲ್ಲಿ ಇನ್ನೊಂದು ಪಟ್ಟಿ ಬೇರೆ: ಯಾವ ಪುಸ್ತಕಕ್ಕೆ ಎಷ್ಟು ಹಣ ಬಂತು ಎಂಬುದು. ಒಟ್ಟು 68,939 ಪೌಂಡು, 17 ಷಿಲಿಂಗು, 5 ಪೆನ್ಸು. ಆ ಐದು ಪೆನ್ಸನ್ನು ಬಿಡಲು ಮನಸ್ಸು ಬಾರದ ಮನುಷ್ಯನನ್ನು ಕವಿಗಳ ಪಂಕ್ತಿಯಲ್ಲಿ ಕೂರಿಸುವುದು ಹೇಗೆ?

ಅವನ ಕಾಲದವರಿಗೂ ಅದೇ ಕಷ್ಟವಾಯಿತು. ಸ್ಫೂರ್ತಿಗಾಗಿ ಕಾಯುವುದು ಎಂದರೆ ಮೆಟ್ಟು ಹೊಲಿಯುವವನು, ಮೇಣದಬತ್ತಿ ಎರೆಯುವವನು ದೈವಾನುಗ್ರಹಕ್ಕೆ ಕಾದು ಕೂತಂತೆ ಎಂದು ಆತ ಬರೆದುಬಿಟ್ಟಿದ್ದ. ಬರೆಯುವವನಿಗೆ ಎಲ್ಲಕ್ಕಿಂತ ಹೆಚ್ಚಿನ ಸಹಾಯ ಕುರ್ಚಿಗೆ ಮೆತ್ತಿದ ಚಮ್ಮಾರನ ಮೇಣ ಎಂದೂ ಹೇಳಿದ್ದ, ಎದ್ದುಹೋಗದಂತೆ ಹಿಡಿದಿಡಲು! ಹೆನ್ರಿ ಜೇಮ್ಸ್ ಎಂಬ ದೊಡ್ಡ ಕಾದಂಬರಿಕಾರ ಒಮ್ಮೆ ಅಟ್ಲಾಂಟಿಕ್ ಸಾಗರವನ್ನು ದಾಟುವಾಗ ಅದೇ ಹಡಗಿನಲ್ಲಿ ಟ್ರಾಲಪನೂ ಇದ್ದ. ಹಡಗು ಹೊಯ್ದಾಡುತ್ತಿದ್ದರೂ ಈತ ತನ್ನ ಕೋಣೆಯಲ್ಲಿ, ಲಂಡನ್ನಿನ ಮನೆಯಲ್ಲಿದ್ದಷ್ಟೇ ನೆಮ್ಮದಿಯಿಂದ, ದಿನವೂ ಲೇಖನಿ ಓಡಿಸುತ್ತಿದ್ದನಂತೆ. ಟ್ರಾಲಪ್ ಸತ್ತ ಮರುವರ್ಷ ಬರೆದ ಪ್ರಬಂಧದಲ್ಲಿ ಜೇಮ್ಸ್ ಇದನ್ನು ನೆನೆದಿದ್ದಾನೆ. ಅಲ್ಲಿ ಮೆಚ್ಚುಗೆಯಿದೆ, ಇಷ್ಟೊಂದು ಬರೆಯಬಾರದಾಗಿತ್ತು ಎಂಬ ಮೂಗುಮುರಿಯುವಿಕೆಯೂ ಇದೆ. ಅದೇ ವರ್ಷ ಆತ್ಮಕಥೆ ಹೊರಬಂದಿತು. ಅದನ್ನು ಓದಿದವರು ‘ಇವನು ಗುಮಾಸ್ತ, ಕಲಾವಿದನಲ್ಲ’ ಎಂದು ತೀರ್ಪು ಕೊಟ್ಟರು. ಆತ್ಮಕಥೆಯೊಂದೇ ಅವನ ಕೀರ್ತಿಯನ್ನು ಕೊಂದಿತು ಎನ್ನುವುದು ಸ್ವಲ್ಪ ಅತಿಶಯವೇ. ಅಭಿರುಚಿ ಆಗಲೇ ಬದಲಾಗುತ್ತಿತ್ತು. ಆದರೆ ಅವನನ್ನು ತೆಗಳಬೇಕೆಂದವರಿಗೆ ಕೋಲನ್ನು ಅವನೇ ಕೊಟ್ಟು ಹೋಗಿದ್ದ.

ಈ ಅಭ್ಯಾಸ ಅವನಿಗೆ ಎಲ್ಲಿಂದ ಬಂತೆಂದು ನೋಡಿದರೆ ತಮಾಷೆಯ ಮಾತು ನಿಂತುಹೋಗುತ್ತದೆ. ಅವನ ತಂದೆ ವಕೀಲಿಯಲ್ಲಿ ಸೋತು, ಬೇಸಾಯದಲ್ಲಿ ಸೋತು, ಕೊನೆಗೆ ಕ್ರೈಸ್ತಮಠಗಳ ವಿಶ್ವಕೋಶವೊಂದನ್ನು ಬರೆಯುತ್ತೇನೆಂದು ಕೂತವನು, ಅದೂ ಮುಗಿಯಲಿಲ್ಲ. ಮಗನ ಶಾಲೆಯ ದಿನಗಳು ಹರಕು ಬಟ್ಟೆಯಲ್ಲಿ, ಸಿರಿವಂತರ ಮಕ್ಕಳ ಹೀಯಾಳಿಕೆಯಲ್ಲಿ ಕಳೆದುವು. 1834ರಲ್ಲಿ ಸಾಲಗಾರರಿಗೆ ಹೆದರಿ ಸಂಸಾರ ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣಕ್ಕೆ ಓಡಿತು. ಅಲ್ಲಿ ಮನೆ ನಿಂತದ್ದು ತಾಯಿಯ ಲೇಖನಿಯ ಮೇಲೆ. ಆಕೆ ಫ್ರಾನ್ಸಿಸ್ ಟ್ರಾಲಪ್. ಐವತ್ತು ವರ್ಷ ತುಂಬುವವರೆಗೆ ಆಕೆ ಒಂದು ಪುಸ್ತಕವನ್ನೂ ಬರೆದವಳಲ್ಲ. ಅಮೆರಿಕದ ಜನಜೀವನವನ್ನು ಕುರಿತ ಮೊದಲ ಪುಸ್ತಕ 1832ರಲ್ಲಿ ಬಂದು ಹೆಸರಾಯಿತು. ಅಲ್ಲಿಂದ ಮುಂದೆ ನಿಲ್ಲಿಸಲಿಲ್ಲ, 114 ಸಂಪುಟಗಳನ್ನು ಬರೆದಳು. ಬ್ರೂಜಿನ ಆ ಮನೆಯಲ್ಲಿ ಮಗನೊಬ್ಬ ಕ್ಷಯದಿಂದ ಸಾಯುತ್ತಿದ್ದ, ಗಂಡ ಹಾಸಿಗೆ ಹಿಡಿದಿದ್ದ. ಹಗಲೆಲ್ಲ ಅವರ ಶುಶ್ರೂಷೆ. ಅವರು ಮಲಗಿದ ಮೇಲೆ ಕಾದಂಬರಿ, ಓದಿದವರು ನಗುವಂಥ ಕಾದಂಬರಿ! ಔಷಧದ ಶೀಷೆಗಳೂ ಮಸಿಯ ಕುಡಿಕೆಯೂ ಅಕ್ಕಪಕ್ಕದಲ್ಲಿದ್ದುವೆಂದು ಮಗ ನೆನೆಯುತ್ತಾನೆ. ಬೇರೆ ದಿನಗಳಲ್ಲಾದರೆ ನಸುಕಿನ ನಾಲ್ಕಕ್ಕೇ ಎದ್ದು, ಮನೆಯವರು ಏಳುವ ಮೊದಲೇ ಬರೆದು ಮುಗಿಸಿ, ದಿನವಿಡೀ ನಗುನಗುತ್ತ ಇರುತ್ತಿದ್ದವಳು ಆಕೆ. ಸ್ಫೂರ್ತಿ ಬರಲಿ ಎಂದು ಆಕೆ ಕಾದಿದ್ದರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ತಂದೆಯ ಮುಗಿಯದ ವಿಶ್ವಕೋಶವನ್ನೂ ತಾಯಿಯ ಮುಗಿದ ಸಂಪುಟಗಳನ್ನೂ ಒಂದೇ ಸೂರಿನಡಿ ಕಂಡ ಹುಡುಗ ಮುಂದೆ ಗಡಿಯಾರವನ್ನು ನಂಬಿದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ.

ಆ 1834ರಲ್ಲೇ ಹುಡುಗ ವರ್ಷಕ್ಕೆ 90 ಪೌಂಡಿನ ಅಂಚೆ ಗುಮಾಸ್ತನಾದ. ಏಳು ವರ್ಷ ಲಂಡನ್ನಿನಲ್ಲಿ ಸಾಲ, ಬೈಗಳು, ಬೇಸರ. 1841ರಲ್ಲಿ ಐರ್ಲೆಂಡಿಗೆ ಹೋದ ಮೇಲೆ ಬದುಕು ತಿರುಗಿತು. ಮೊದಲ ಕಾದಂಬರಿ ಪ್ರಕಟವಾದದ್ದು 1847ರಲ್ಲಿ; ಯಾರೂ ಓದಲಿಲ್ಲ. ಆಮೇಲೆ ಇಲಾಖೆ ಅವನನ್ನು ನೈರುತ್ಯ ಇಂಗ್ಲೆಂಡಿನ ಹಳ್ಳಿಗಳಿಗೆ ಕಳುಹಿಸಿತು. ಒಬ್ಬ ಅಂಚೆಯಾಳನ್ನು ದಿನಕ್ಕೆ 16 ಮೈಲಿಗಿಂತ ಹೆಚ್ಚು ನಡೆಸಬಾರದೆಂಬುದು ನಿಯಮ. ಆ ಮಿತಿಯೊಳಗೆ ಎಷ್ಟು ಮನೆಗಳಿಗೆ ಕಾಗದ ಮುಟ್ಟಿಸಬಹುದೆಂದು ಈತ ಕುದುರೆಯೇರಿ ಹಾದಿ ಅಳೆದ. ರಸ್ತೆಬದಿಯಲ್ಲಿ ಅಂಚೆಪೆಟ್ಟಿಗೆ ನಿಲ್ಲಿಸುವ ಏರ್ಪಾಡು ಬ್ರಿಟಿಷರಲ್ಲಿ ಮೊದಲು ಬಂದದ್ದೂ ಇವನ ಸಲಹೆಯಿಂದಲೇ, 1852ರಲ್ಲಿ, ಚಾನಲ್ ದ್ವೀಪಗಳಲ್ಲಿ. ಹೀಗೆ ಅಲೆಯುತ್ತಿದ್ದಾಗ, ಬೇಸಗೆಯ ಒಂದು ಸಂಜೆ ಸಾಲ್ಸ್‌ಬರಿಯ ದೊಡ್ಡ ಇಗರ್ಜಿಯ ಸುತ್ತ ಸುಳಿದಾಡುವಾಗ, ‘ದಿ ವಾರ್ಡನ್’ ಕಾದಂಬರಿಯ ಕಥೆ ಹೊಳೆಯಿತು. ಅದು ಅಚ್ಚಾದದ್ದು 1855ರಲ್ಲಿ. ಆ ವರ್ಷದ ಕೊನೆಗೆ ಕೈಗೆ ಬಂದ ಹಣ 9 ಪೌಂಡು, 8 ಷಿಲಿಂಗು, 8 ಪೆನ್ಸು. ಕಲ್ಲು ಒಡೆದಿದ್ದರೆ ಹೆಚ್ಚು ಸಿಗುತ್ತಿತ್ತೆಂದು ಆತನೇ ನಕ್ಕಿದ್ದಾನೆ.

ಅಷ್ಟರಲ್ಲಿ ಊರೂರಿಗೂ ರೈಲು ಬಂದಿತ್ತು. ತನಿಖೆಯ ಅಧಿಕಾರಿಯ ದಿನದ ಬಹುಪಾಲು ಡಬ್ಬಿಯಲ್ಲೇ ಕಳೆಯುತ್ತಿತ್ತು. ಟ್ರಾಲಪ್ ತೊಡೆಯ ಮೇಲಿಟ್ಟುಕೊಳ್ಳಲು ಒಂದು ಸಣ್ಣ ಹಲಗೆ ಮಾಡಿಸಿಕೊಂಡ. ಓಡುವ ರೈಲಿನಲ್ಲಿ ಪೆನ್ಸಿಲಿನಿಂದ ಗೀಚುವನು. ಹೆಂಡತಿ ರೋಸ್ ಅದನ್ನು ಮನೆಯಲ್ಲಿ ಶುದ್ಧಪ್ರತಿ ಮಾಡುವಳು. 1857ರ ‘ಬಾರ್ಚೆಸ್ಟರ್ ಟವರ್ಸ್’ ಕಾದಂಬರಿಯ ಬಹುಭಾಗ ಹುಟ್ಟಿದ್ದು ಹೀಗೆ. ನಾಲ್ಕೈದು ಜನ ಸಹಪ್ರಯಾಣಿಕರ ಎದುರಿಗೆ ಸಾಹಿತಿಯ ಠೀವಿ ತೋರಿಸಿದಂತಾಗುತ್ತದೆಯೆಂಬ ಸಂಕೋಚ ಒಂದೇ ಅವನಿಗಿದ್ದ ಅಡ್ಡಿ. 1858ರಲ್ಲಿ ಇಲಾಖೆ ಅವನನ್ನು ಈಜಿಪ್ಟಿಗೆ ಕಳುಹಿಸಿತು. ಸೂಯೆಜ್ ಕಾಲುವೆ ಇನ್ನೂ ಇಲ್ಲದ ಕಾಲ. ನಮ್ಮ ದೇಶಕ್ಕೂ ಆಸ್ಟ್ರೇಲಿಯಾಕ್ಕೂ ಬರುವ ಅಂಚೆಯ ಚೀಲಗಳನ್ನು ರೈಲಿನಲ್ಲಿ ದಾಟಿಸುವ ಕರಾರು ಆಗಬೇಕಾಗಿತ್ತು. ಮಾರ್ಸೇಲಿನಿಂದ ಅಲೆಕ್ಸಾಂಡ್ರಿಯಾಕ್ಕೆ ಹೋಗುವಾಗ ಸಮುದ್ರ ಕೆರಳಿತ್ತು. ಬರೆಯುತ್ತಿದ್ದ ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಓಡಿಹೋಗಿ ವಾಂತಿ ಮಾಡಿ ಬಂದು ಮತ್ತೆ ಬರೆದನಂತೆ. ಈಜಿಪ್ಟಿನಲ್ಲಿ ‘ಡಾಕ್ಟರ್ ಥಾರ್ನ್’ ಮುಗಿಯಿತು. ಮರುದಿನವೇ ಮುಂದಿನ ಕಾದಂಬರಿಯ ಮೊದಲ ಪುಟ. 1871ರಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಾಗಲಂತೂ ಹಡಗಿನ ಕೋಣೆಯಲ್ಲಿ ಮೊದಲೇ ಮೇಜು ಹೊಡೆಸಿ, ಎಂಟು ವಾರದಲ್ಲಿ, ವಾರಕ್ಕೆ 66 ಪುಟದಂತೆ ‘ಲೇಡಿ ಆನಾ’ ಎಂಬ ಇಡೀ ಕಾದಂಬರಿಯನ್ನು ಬರೆದುಕೊಂಡೇ ಇಳಿದ.

ಈಗ ನಮ್ಮ ಕಡೆಯ ಮಾತು. ಟ್ರಾಲಪನ ರೈಲಿನ ಪ್ರಸಂಗವನ್ನು ಓದಿದಾಗ ಇದನ್ನು ಎಲ್ಲಿಯೋ ಕೇಳಿದ್ದೇನಲ್ಲ ಎನಿಸಿತು. ಹುಡುಕಿದೆ, ರಾಜಶೇಖರನ ‘ಕಾವ್ಯಮೀಮಾಂಸೆ’ಯಲ್ಲಿತ್ತು. ರಾಜಶೇಖರ ಕ್ರಿ.ಶ. 900ರ ಸುಮಾರಿನಲ್ಲಿ ಕನೌಜಿನ ಪ್ರತೀಹಾರ ಅರಸರ ಆಸ್ಥಾನದಲ್ಲಿದ್ದವನು. 18 ಭಾಗಗಳ ಅವನ ಗ್ರಂಥದಲ್ಲಿ ನಮಗೆ ಸಿಕ್ಕಿರುವುದು ಮೊದಲನೆಯದು ಮಾತ್ರ. 1916ರಲ್ಲಿ ಬರೋಡದ ಗಾಯಕವಾಡ ಗ್ರಂಥಮಾಲೆಯ ಮೊದಲ ಪುಸ್ತಕವಾಗಿ ಅದು ಅಚ್ಚಾಯಿತು. (ಯಾವ ರಸವಾದರೂ ಇರಲಿ, ಕರ್ಣಾಟಕದವರೆಲ್ಲ ಕೊನೆಯಲ್ಲಿ ಒಂದು ಟಂಕಾರ ಕೊಟ್ಟು ಗರ್ವದಿಂದ ಪದ್ಯ ಓದುತ್ತಾರೆಂದು ನಮ್ಮನ್ನು ಚುಚ್ಚಿದವನೂ ಇವನೇ. ನಮ್ಮ ಕವಿಗೋಷ್ಠಿಗಳನ್ನು ನೆನೆದರೆ ಸಿಟ್ಟು ಮಾಡುವಂತಿಲ್ಲ.)

ಬೇರೆ ಲಾಕ್ಷಣಿಕರು ರಸವೇ ಧ್ವನಿಯೇ ಎಂದು ವಾದಿಸುತ್ತಿರುವಾಗ ಈತ ಕವಿ ಎಷ್ಟು ಹೊತ್ತಿಗೆ ಏಳಬೇಕು, ಎಲ್ಲಿ ಕೂರಬೇಕು ಎಂದು ಹೇಳುತ್ತಾನೆ. ಹಗಲನ್ನು ನಾಲ್ಕು ಜಾವ ಮಾಡಿಕೊಳ್ಳಬೇಕು. ಮೊದಲ ಜಾವದಲ್ಲಿ ವಿದ್ಯೆಗಳ ವ್ಯಾಸಂಗ, ಎರಡನೆಯದರಲ್ಲಿ ಕಾವ್ಯರಚನೆ, ಊಟದ ಮೇಲೆ ಗೋಷ್ಠಿ, ನಾಲ್ಕನೆಯ ಜಾವದಲ್ಲಿ, ಒಬ್ಬನೇ ಅಥವಾ ಆಪ್ತರಾದ ಕೆಲವರೊಡನೆ, ಬೆಳಗ್ಗೆ ರಚಿಸಿದ್ದರ ಪರೀಕ್ಷೆ. ಏಕೆಂದರೆ ರಸಾವೇಶದಲ್ಲಿ ಬರೆಯುವಾಗ ವಿವೇಚನೆಯ ಕಣ್ಣು ತೆರೆದಿರುವುದಿಲ್ಲ. ಟ್ರಾಲಪನ ಮೊದಲ ಅರ್ಧ ಗಂಟೆ ಇನ್ನೇನು? ಕವಿಯ ಬಳಿ ಸದಾ ಇರಬೇಕಾದ ಸಾಮಗ್ರಿಗಳ ಪಟ್ಟಿಯೂ ಇದೆ: ಹಲಗೆ, ಬಳಪ, ಲೇಖನಿ, ಮಸಿಕುಡಿಕೆ, ತಾಳೆಗರಿ, ಭೂರ್ಜಪತ್ರ, ಕಬ್ಬಿಣದ ಮುಳ್ಳು, ಕೊನೆಗೆ ಚೆನ್ನಾಗಿ ಒರಸಿದ ಗೋಡೆ.

ಬರೆಯುವ ವೇಳೆಯನ್ನು ನೋಡಿ ಕವಿಗಳನ್ನು ಆತ ನಾಲ್ಕು ಬಗೆ ಮಾಡಿದ್ದಾನೆ. ಗುಹೆಯನ್ನೋ ನೆಲಮನೆಯನ್ನೋ ಹೊಕ್ಕು ಅದೇ ವ್ರತವಾಗಿ ಬರೆಯುವವನು ಅಸೂರ್ಯಂಪಶ್ಯ. ಅಷ್ಟು ಕಠಿಣ ವ್ರತವಿಲ್ಲದೆಯೂ ಕಾವ್ಯದಲ್ಲೇ ತೊಡಗಿ ಕೂತವನು ನಿಷಣ್ಣ. ಸಂದರ್ಭ ಬಂದಾಗ ಬರೆಯುವವನು ಪ್ರಾಯೋಜನಿಕ. ಇವರ ನಡುವೆ ಮತ್ತೊಬ್ಬನಿದ್ದಾನೆ: ಸೇವೆ ಮೊದಲಾದ ಕೆಲಸಗಳಿಗೆ ಚ್ಯುತಿ ಬಾರದಂತೆ, ಬಿಡುವು ಮಾಡಿಕೊಂಡು ಬರೆಯುವ ‘ದತ್ತಾವಸರ’. ಇವನಿಗೆ ಹೊತ್ತುಗಳು ಕೆಲವೇ. ಒಂದು, ಇರುಳಿನ ಕೊನೆಯ ಪಾಲು; ಅದು ಸಾರಸ್ವತ ಮುಹೂರ್ತ. ಇನ್ನೊಂದು ಊಟವಾದ ಮೇಲೆ. ಹೊಟ್ಟೆ ತುಂಬಿದರೆ ಮನಸ್ಸು ಸ್ವಸ್ಥವಾಗಿರುತ್ತದಂತೆ (ಮಧ್ಯಾಹ್ನ ಎರಡರ ತರಗತಿಗೆ ಪಾಠ ಹೇಳಿದವರು ಯಾರೂ ಇದನ್ನು ಒಪ್ಪಲಾರರು). ಮತ್ತೂ ಒಂದು ಪಲ್ಲಕ್ಕಿಯಲ್ಲಿ ಪ್ರಯಾಣ ಮಾಡುವಾಗ. ಬೇರೆ ವಿಷಯಗಳಿಂದ ಬಿಡಿಸಿಕೊಂಡ ಚಿತ್ತ ಆಗ ಇಟ್ಟ ಕಡೆ ಅಮೃತಬಳ್ಳಿಯಂತೆ ಅಂಟಿಕೊಳ್ಳುತ್ತದೆ. ನಸುಕು ಒಂದು, ಪ್ರಯಾಣ ಒಂದು. ಪಲ್ಲಕ್ಕಿಯ ಜಾಗಕ್ಕೆ ರೈಲನ್ನು ಹಾಕಿದರೆ ಸಾಕು, ಸುಮಾರು 950 ವರ್ಷ ಮುಂಚೆ ಕನೌಜಿನಲ್ಲಿ ಕೂತು ಟ್ರಾಲಪನ ದಿನಚರಿಯನ್ನು ಬರೆದಿಟ್ಟಂತಿದೆ. ರಾಜಶೇಖರ ಈ ದತ್ತಾವಸರನನ್ನು ಕವಿಗಳ ಸಾಲಿನಿಂದ ಏಳಿಸಿಲ್ಲ ಎಂಬುದನ್ನು ಗಮನಿಸಬೇಕು.

ಎಣಿಸಿ ಹೇಳುವುದೂ ನಮ್ಮಲ್ಲಿ ನಾಚಿಕೆಯ ಮಾತಾಗಿರಲಿಲ್ಲ. ಪಂಪ ಸೇನೆಯಲ್ಲೂ ಕೆಲಸ ಮಾಡಿದವನು. ‘ಆದಿಪುರಾಣ’ಕ್ಕೆ ಮೂರು ತಿಂಗಳು, ‘ವಿಕ್ರಮಾರ್ಜುನ ವಿಜಯ’ಕ್ಕೆ ಆರು ತಿಂಗಳು ಹಿಡಿದುವೆಂದು ಹೆಮ್ಮೆಯಿಂದ ಹೇಳಿಕೊಂಡ. ಕೇಳಿದವರು ಅವನನ್ನು ಗುಮಾಸ್ತ ಎನ್ನಲಿಲ್ಲ. ಕುಮಾರವ್ಯಾಸ ಹಲಗೆ ಬಳಪಗಳ ಸಹಾಯವಿಲ್ಲದೆ ಬರೆದೆನೆಂದು ಅಗ್ಗಳಿಕೆ ತೋರಿದ್ದಾನೆ. ಆ ಮಾತನ್ನು ರಾಜಶೇಖರನ ಪಟ್ಟಿಯ ಪಕ್ಕದಲ್ಲಿಟ್ಟರೆ ಉಳಿದ ಕವಿಗಳು ಮೊದಲು ಹಲಗೆಯ ಮೇಲೆ ಬರೆದು ಅಳಿಸಿ ತಿದ್ದುತ್ತಿದ್ದರೆಂಬುದು ತಾನೇ ತಿಳಿಯುತ್ತದೆ. ತರಗತಿಯಲ್ಲಿ ನಾವು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ಮೂರನ್ನೂ ಹೇಳುತ್ತೇವೆ. ಪ್ರತಿಭೆಗೆ ಮೂರು ದಿನ, ವ್ಯುತ್ಪತ್ತಿಗೆ ಒಂದು ದಿನ. ಅಭ್ಯಾಸ ಎಂಬಲ್ಲಿಗೆ ಬರುವಾಗ ಗಂಟೆ ಹೊಡೆಯುತ್ತದೆ. ನಾನೂ ಹೀಗೆಯೇ ಪಾಠ ಮಾಡಿದವನು.

ಹಾಗೆಂದು ಗಡಿಯಾರವೇ ಕಾದಂಬರಿ ಬರೆಯಿತೆಂದುಕೊಂಡರೂ ತಪ್ಪು. ಟ್ರಾಲಪನ ವಿರೋಧಿಗಳು ಈ ತಪ್ಪನ್ನೇ ಮಾಡಿದರು. ಅದೇ ಆತ್ಮಕಥೆಯಲ್ಲಿ ಇನ್ನೊಂದು ಸಂಗತಿಯಿದೆ; ಪುಟಗಳ ಲೆಕ್ಕದ ಗದ್ದಲದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಶಾಲೆಯಲ್ಲಿ ಯಾರೂ ಜೊತೆಗೆ ಸೇರಿಸದಿದ್ದಾಗ ಆ ಹುಡುಗ ಮನಸ್ಸಿನಲ್ಲೇ ಕಥೆ ಕಟ್ಟುತ್ತ ತಿರುಗುತ್ತಿದ್ದ. ಒಂದೇ ಕಥೆ ವಾರಗಟ್ಟಲೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದಿಂದ ವರ್ಷಕ್ಕೆ ಮುಂದುವರಿಯುತ್ತಿತ್ತು. ಅದರಲ್ಲಿ ಅಸಂಭವವಾದುದು ಏನೂ ನಡೆಯಕೂಡದೆಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಿದ್ದ. ದೊಡ್ಡವನಾದ ಮೇಲೂ ಪಾತ್ರಗಳನ್ನು ಜೊತೆಗಿಟ್ಟುಕೊಂಡು, ಅವರೊಡನೆ ಅತ್ತು ನಕ್ಕು, ಬೆಟ್ಟ ಕಾಡು ಅಲೆಯುವುದು ತಪ್ಪಲಿಲ್ಲ. 1879ರಲ್ಲಿ ಪ್ರಕಟಿಸಿದ ‘ಎ ವಾಕ್ ಇನ್ ಎ ವುಡ್’ ಎಂಬ ಲೇಖನದಲ್ಲಿ, ಬರೆಯುವುದಲ್ಲ, ಯೋಚಿಸುವುದೇ ಕಷ್ಟ; ಅದಕ್ಕೆ ಸದ್ದಿಲ್ಲದ ಕಾಡು ಬೇಕು ಎಂದು ಸ್ಪಷ್ಟವಾಗಿ ಬರೆದಿದ್ದಾನೆ. ದಿನದ 21 ಗಂಟೆ ಮನಸ್ಸಿನಲ್ಲಿ ಕಟ್ಟಿದ್ದನ್ನು ಮೂರು ಗಂಟೆಯಲ್ಲಿ ಇಳಿಸುತ್ತಿದ್ದ. ಗಡಿಯಾರ ಅಳೆದದ್ದು ಈ ಇಳಿಸುವುದನ್ನು ಮಾತ್ರ.

ಬಿಷಪ್ಪನ ಹೆಂಡತಿ ಮಿಸೆಸ್ ಪ್ರೌಡಿಯ ಸಾವನ್ನೇ ನೋಡಿ. ಕ್ಲಬ್ಬಿನಲ್ಲಿ ಇಬ್ಬರು ಪಾದ್ರಿಗಳು ಟ್ರಾಲಪನ ಕಥೆಗಳಲ್ಲಿ ಅವೇ ಪಾತ್ರಗಳು ಮತ್ತೆ ಮತ್ತೆ ಬರುತ್ತವೆಂದು, ಅದರಲ್ಲೂ ಈ ಹೆಂಗಸೆಂದು ದೂರುತ್ತಿದ್ದುದು ಅವನ ಕಿವಿಗೆ ಬಿತ್ತು. ಎದ್ದುಹೋಗಿ ತನ್ನ ಪರಿಚಯ ಹೇಳಿ, “ಮನೆಗೆ ಹೋಗಿ ವಾರದೊಳಗೆ ಅವಳನ್ನು ಕೊಲ್ಲುತ್ತೇನೆ” ಎಂದ, ಕೊಂದ. 1867ರಲ್ಲಿ ಮುಗಿದ ‘ಲಾಸ್ಟ್ ಕ್ರಾನಿಕಲ್ ಆಫ್ ಬಾರ್ಸೆಟ್’ನಲ್ಲಿ ಆಕೆ ಸಾಯುತ್ತಾಳೆ. ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟು, ಅವಳ ನೆರಳಿನೊಡನೆ ಇನ್ನೂ ಬಾಳುತ್ತಿದ್ದೇನೆ ಎಂದ. ಗುಮಾಸ್ತರು ಹೀಗೆ ಕೊರಗುವುದಿಲ್ಲ.

ಅವನ ಎಲ್ಲ ಪುಸ್ತಕಗಳೂ ಚೆನ್ನಾಗಿವೆಯೆಂದು ನಾನು ಹೇಳಲಾರೆ. ಆ ಕಾಲದಲ್ಲಿ ಕಾದಂಬರಿಗೆ ಮೂರು ಸಂಪುಟವಿರಬೇಕು, ಬೆಲೆ 31 ಷಿಲಿಂಗು 6 ಪೆನ್ಸು. ಕೊಳ್ಳುವವರು ಬಾಡಿಗೆಗೆ ಪುಸ್ತಕ ಕೊಡುವ ಗ್ರಂಥಾಲಯದವರು. ಸಂಪುಟ ತುಂಬಿಸಲೆಂದು ಎಳೆದ ಅಧ್ಯಾಯಗಳು ಅವನಲ್ಲಿ ಧಾರಾಳವಾಗಿವೆ. ಗಡಿಯಾರಕ್ಕೆ ‘ಸಾಕು’ ಎನ್ನಲು ಬಾರದು.

ನನ್ನ ಕಪಾಟಿನಲ್ಲಿಯೂ ಒಂದು ಕಾದಂಬರಿಯಿದೆ. ಮೂವತ್ತು ತುಂಬುವ ಮೊದಲೇ ಆರಂಭಿಸಿದ್ದು. 61 ಪುಟಕ್ಕೆ ನಿಂತಿದೆ. ಯಾರಾದರೂ ಕೇಳಿದರೆ, ಉತ್ತರಪತ್ರಿಕೆಗಳ ಕಾಟ, ಮನೆಯ ಗದ್ದಲ, ಮನಸ್ಸು ಕೂಡಿಬರಲಿಲ್ಲ ಎಂದೆಲ್ಲ ಹೇಳುತ್ತ ಬಂದಿದ್ದೇನೆ. ದಿನವೂ ಬಸ್ಸಿನಲ್ಲಿ ಹೋಗಿಬರುವ ಒಂದೂವರೆ ಗಂಟೆಯ ಮಾತನ್ನು ಎತ್ತಿದವನಲ್ಲ. ಬ್ರೂಜಿನ ಮನೆಯ ಆ ಔಷಧದ ಶೀಷೆಗಳ ಪುಟವನ್ನು ಓದಿದಂದಿನಿಂದ ಆ ಉತ್ತರ ಬಾಯಿಗೆ ಬರುತ್ತಿಲ್ಲ.

ಟ್ರಾಲಪ್ 1867ರಲ್ಲಿ, 52ನೆಯ ವಯಸ್ಸಿನಲ್ಲಿ, ನಿವೃತ್ತಿವೇತನವನ್ನೂ ಬಿಟ್ಟು ನೌಕರಿಗೆ ರಾಜೀನಾಮೆ ಕೊಟ್ಟ. ಇನ್ನು ಹೊತ್ತೆಲ್ಲ ತನ್ನದೇ ಆಗಿದ್ದರೂ ನಸುಕಿನ ವ್ರತ ಬಿಡಲಿಲ್ಲ. ಕೈ ಸೋತಾಗ ಹೆಂಡತಿಯ ಸೋದರಿಯ ಮಗಳು ಫ್ಲಾರೆನ್ಸ್‌ಗೆ ಹೇಳಿ ಬರೆಸಿದ. 1882ರ ನವೆಂಬರಿನಲ್ಲಿ, ಮನೆಯವರು ಗಟ್ಟಿಯಾಗಿ ಓದುತ್ತಿದ್ದ ನಗೆಯ ಕಾದಂಬರಿಯೊಂದನ್ನು ಕೇಳುತ್ತ ಕೂತಿದ್ದಾಗ ಪಾರ್ಶ್ವವಾಯು ಬಡಿಯಿತು. ಡಿಸೆಂಬರ್ 6ರಂದು ತೀರಿಕೊಂಡ. ‘ದಿ ಲ್ಯಾಂಡ್‌ಲೀಗರ್ಸ್’ ಎಂಬ ಕಾದಂಬರಿ ಅರ್ಧಕ್ಕೆ ನಿಂತಿತು. ವಾಲ್ಥಮ್ ಕ್ರಾಸಿನ ಆ ಮುದಿ ಆಳಿನ ಮಾತನ್ನು ಆತ ಆತ್ಮಕಥೆಯಲ್ಲಿ ಮರೆತಿಲ್ಲ. ತನ್ನ ಯಶಸ್ಸಿಗೆ ಬೇರೆಲ್ಲರಿಗಿಂತ ಹೆಚ್ಚಾಗಿ ಅವನಿಗೇ ಋಣಿಯಾಗಿರಬೇಕೇನೋ ಎಂದಿದ್ದಾನೆ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಕಾಫಿ ತಡವಾಗಲಿಲ್ಲವಂತೆ. 5.30ಕ್ಕೆ ಕಾಫಿ ಮೇಜಿನ ಮೇಲಿರಬೇಕಾದರೆ ಒಲೆ ಹೊತ್ತಿಸಿದವರು ಐದಕ್ಕೆ ಮೊದಲೇ ಎದ್ದಿರಬೇಕು. ಆ ಹೊತ್ತನ್ನು ಮಾತ್ರ ಟ್ರಾಲಪ್ ಯಾವ ಕೋಷ್ಟಕದಲ್ಲಿಯೂ ಬರೆದಿಡಲಿಲ್ಲ.